ನೆಟೆ ರೋಗದ ಹೊಲದಲ್ಲಿ ತೊಗರಿ ತಳಿ ಆರಿಸಿದ ಬಗೆ

ತೊಗರಿಗೆ ನೆಟೆ ರೋಗ ತರುವ ಫ್ಯುಸೇರಿಯಂ ಉಡಂ ಶಿಲೀಂಧ್ರ ಮಣ್ಣಿನಲ್ಲಿ, ಹಳೆಯ ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನೇ ಕೆಡಿಸುವುದರಿಂದ, ಗಿಡ ಬಾಡಿದ ಮೇಲೆ ಯಾವ ಸಿಂಪಡಣೆಯೂ ಉಳಿಸದು. ತಡೆಯುವ ಶಕ್ತಿ ಬೀಜದಲ್ಲೇ ಇರಬೇಕು. ಅದಕ್ಕೇ ಕಲಬುರಗಿ ಸೀಮೆಯಲ್ಲಿ ನೆಟೆ ತಡೆಯುವ ತಳಿ ರೂಪಿಸುವ ಕೆಲಸಕ್ಕೆ ಇಳಿದಾಗ ಮೊದಲು ಒಂದು ಹೊಲಕ್ಕೆ ಬೇಕೆಂದೇ ರೋಗ ತುಂಬಿದೆ. ನೆಟೆ ಬಂದ ಗಿಡಗಳನ್ನು ಕೊಚ್ಚಿ ಮಣ್ಣಿಗೆ ಬೆರೆಸಿ, ಅದರ ಮೇಲೆ ಪ್ರತಿ ವರ್ಷ ತೊಗರಿಯನ್ನೇ ಬಿತ್ತಿದೆ.

ಪರೀಕ್ಷೆಯ ಸಾಲುಗಳ ನಡುನಡುವೆ ಬೇಗ ರೋಗಕ್ಕೆ ತುತ್ತಾಗುವ ಐಸಿಪಿ 2376 ಎಂಬ ತೊಗರಿ ತಳಿ ಹಾಕುತ್ತೇನೆ. ಅದು ಸಾಯದ ಜಾಗದಲ್ಲಿ ಪಕ್ಕದ ಸಾಲು ಎಷ್ಟೇ ಹಸಿರಾಗಿದ್ದರೂ ನಾನು ನಂಬುವುದಿಲ್ಲ. ಅಲ್ಲಿ ಮಣ್ಣಿನಲ್ಲಿ ರೋಗವೇ ಸಾಲದೆ ಇರಬಹುದು.

ರೋಗ ತಡೆಯುವ ಗುಣ ಕೊಡುವ ದಾನಿಯಾಗಿ ಬಳಸಿದ್ದು ಮಾರುತಿ ತಳಿ, ಅಂದರೆ 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದ ಐಸಿಪಿ 8863. ಇನ್ನೊಂದು ಕಡೆ ರೈತರು ಮೆಚ್ಚುವ ನಾಡ ತೊಗರಿ. ತೊಗರಿಯ ಹೂವು ಅರಳುವ ಮೊದಲೇ ಒಳಗೆ ಪರಾಗಸ್ಪರ್ಶ ಮುಗಿದಿರುತ್ತದೆ, ಹಾಗಾಗಿ ಎರಡನ್ನೂ ಬೆರಕೆ ಮಾಡಲು ಬಲಿತ ಮೊಗ್ಗನ್ನು ಬಿಡಿಸಿ ಚಿಮಟದಿಂದ ಪರಾಗ ಕೊಡುವ ಹತ್ತೂ ಕೇಸರ ತೆಗೆಯಬೇಕು. ಪರಾಗ ಹಿಡಿಯುವ ಶಲಾಕಾಗ್ರಕ್ಕೆ ಚಿಮಟ ತಾಗಿದರೆ ಮೊಗ್ಗು ಉದುರುತ್ತದೆ. ಇಷ್ಟಾದರೂ ಜೇನು ಬಂದು ಪಕ್ಕದ ಗಿಡದ ಪರಾಗ ಬೆರೆಸುವ ಬೆಳೆ ಇದು. ಆರಿಸಿದ ಪ್ರತಿ ಗಿಡಕ್ಕೂ ಬಲೆಚೀಲ ಕಟ್ಟದಿದ್ದರೆ ಮುಂದಿನ ಪೀಳಿಗೆಯಲ್ಲಿ ತಳಿ ಶುದ್ಧ ಉಳಿಯದು.

ಬೆರಕೆಯ ಎರಡನೇ ಪೀಳಿಗೆಯಿಂದ ಎಲ್ಲವನ್ನೂ ರೋಗದ ಹೊಲದಲ್ಲೇ ಬೆಳೆಸಿದೆ. ಸಸಿ ಹಂತದ ಹಸಿರು ನೋಡಿ ತೀರ್ಮಾನಿಸಬಾರದು, ನೆಟೆ ಜೋರಾಗುವುದು ಹೂವು-ಕಾಯಿಯ ಕಾಲಕ್ಕೆ. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಏರಿದೆಯೇ ನೋಡುತ್ತೇನೆ, ಅನುಮಾನವಿದ್ದರೆ ಕಾಂಡ ಸೀಳುತ್ತೇನೆ. ಒಳಗೆ ಕಂದು-ಕಪ್ಪು ಗೆರೆ ಇದ್ದರೆ ಆ ಗಿಡ ಪಟ್ಟಿಯಿಂದ ಹೊರಗೆ, ಕಾಯಿ ಎಷ್ಟೇ ಜೋತಾಡುತ್ತಿರಲಿ.

ಉಳಿದ ಸಾಲುಗಳನ್ನು ತೋರಿಸಿದಾಗ ಹಿರಿಯ ರೈತರೊಬ್ಬರು ಕಾಯಿ ಬಿಡಿಸಿ, "ರೋಗ ತಡೀತದ ಖರೆ ಸಾಹೇಬ್ರ, ಬ್ಯಾಳಿ ಹ್ಯಾಂಗ ಬರ್ತದ ಹೇಳ್ರಿ" ಅಂದರು. ಅವರ ಮಾತು ನ್ಯಾಯವಾದದ್ದು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಬೇಳೆಯ ಊರಿದು, ಬೇಯದ ಬೇಳೆ ಕೊಟ್ಟರೆ ಯಾರು ಬಿತ್ತುತ್ತಾರೆ? ಅಂದಿನಿಂದ ಕಾಳಿನ ಗಾತ್ರ, ಬೇಳೆ ಬೇಯುವ ಹೊತ್ತು ಎರಡನ್ನೂ ಆಯ್ಕೆಗೆ ಸೇರಿಸಿದೆ.

ಶಿಲೀಂಧ್ರದಲ್ಲೂ ಊರಿಂದೂರಿಗೆ ಬೇರೆ ಬೇರೆ ಬಗೆಗಳಿವೆ. ಒಂದು ಕಡೆ ಗೆದ್ದ ತಳಿ ಇನ್ನೊಂದು ಕಡೆ ಬಾಡಬಹುದು. ಹಾಗಾಗಿ ಈಗ ಅದೇ ಸಾಲುಗಳನ್ನು ಬೀದರ್, ರಾಯಚೂರು ಕಡೆಯ ನೆಟೆ ಮಣ್ಣಿನಲ್ಲೂ ಬಿತ್ತಿದ್ದೇವೆ.