ಹಳೆಯ ಕಾರು, ತಿದ್ದಿದ ಮೀಟರ್: ವ್ಯತ್ಯಾಸದ ಹಣ ಪಡೆದ ನನ್ನ ಅನುಭವ

ಸರ್ವಿಸ್ ಸೆಂಟರಿನವರು ಕಾರಿನ ನೋಂದಣಿ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿ, ಪರದೆಯನ್ನೊಮ್ಮೆ, ಮೀಟರನ್ನೊಮ್ಮೆ ನೋಡಿದರು. "ಸರ್, ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಬಂದಾಗಲೇ ಈ ಗಾಡಿ 78,400 ಕಿಲೋಮೀಟರ್ ಓಡಿತ್ತಲ್ಲ?" ಎಂದರು. ಮೀಟರಿನಲ್ಲಿ ಇದ್ದದ್ದು 46,900. ಕಾರು ಕೊಂಡು ಐದು ವಾರವಾಗಿತ್ತು. ಕೊಟ್ಟದ್ದು 4,35,000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೊಸೈಟಿಯ ಸಾಲ.

ಮಾರಿದವರು ವ್ಯಾಪಾರಿಯಲ್ಲ, ಮೈಸೂರಿನಲ್ಲಿ ನಮ್ಮ ಪಕ್ಕದ ಬಡಾವಣೆಯವರು. ಈ ಒಂದು ಸಂಗತಿ ಮುಂದಿನದನ್ನೆಲ್ಲ ನಿರ್ಧರಿಸಿತು. ನನಗೆ ಮೊದಲು ಹೊಳೆದದ್ದು ಗ್ರಾಹಕರ ಆಯೋಗ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇರುವುದು ವ್ಯಾಪಾರವಾಗಿ ಮಾರುವವರ ವಿರುದ್ಧ. ತನ್ನ ಸ್ವಂತ ಕಾರನ್ನು ಒಮ್ಮೆ ಮಾರಿದ ವ್ಯಕ್ತಿಯ ಮೇಲೆ ಅಲ್ಲಿ ದೂರು ನಿಲ್ಲುವುದು ಕಷ್ಟ ಎಂದು ವಕೀಲರು ತಿಳಿಸಿದರು. ಪೊಲೀಸ್ ಠಾಣೆಗೂ ಹೋದೆ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಇದೆ, ಆದರೆ ಮೋಸದ ಉದ್ದೇಶ ಮೊದಲಿನಿಂದಲೇ ಇತ್ತೆಂದು ತೋರಿಸಬೇಕು. ಸಿವಿಲ್ ಸ್ವರೂಪದ ವಿವಾದವೆಂದು ಹಿಂಬರಹ ಕೊಟ್ಟು ಕಳುಹಿಸಿದರು.

ವಕೀಲರ ಬಳಿ ನಾನು ಒಯ್ದ ದೂರುಗಳು ಎರಡು: ಮೀಟರ್ ತಿದ್ದಿದ್ದು ಮತ್ತು ಕ್ಲಚ್ ಸವೆದದ್ದು. ಕ್ಲಚ್ ಬದಲಿಸಲು ನಾನು ಕೈಯಿಂದ ಖರ್ಚು ಮಾಡಿದ್ದೆ, ಸಿಟ್ಟೆಲ್ಲ ಅದರ ಮೇಲೆಯೇ ಇತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕ್ಲಚ್ ಬಗ್ಗೆ ಅವರು ಏನಾದರೂ ಹೇಳಿದ್ದರೇ?" ಏನೂ ಹೇಳಿರಲಿಲ್ಲ. ಹಾಗಾದರೆ ಅದನ್ನು ಬಿಟ್ಟುಬಿಡಿ ಎಂದರು. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ನಿನಂತೆ, ವಸ್ತುವಿನ ಗುಣಮಟ್ಟಕ್ಕೆ ತಾನಾಗಿಯೇ ಹೊಣೆ ಬರುವುದು ಅಂಥ ಸರಕಿನ ವ್ಯಾಪಾರ ಮಾಡುವವರ ಮೇಲೆ. ಖಾಸಗಿ ಮಾರಾಟದಲ್ಲಿ ನೋಡಿ ಕೊಳ್ಳಬೇಕಾದವರು ನಾವೇ. ಕಿಲೋಮೀಟರಿನ ವಿಷಯ ಹಾಗಲ್ಲ. "46 ಸಾವಿರ ಓಡಿದೆ, ಅಪಘಾತವಿಲ್ಲ" ಎಂದು ಅವರು ವಾಟ್ಸ್‌ಆ್ಯಪ್‌ನಲ್ಲಿ ಬರೆದಿದ್ದರು. ವರ್ಣನೆ ಕೊಟ್ಟು ಮಾರಿದ ಸರಕು ವರ್ಣನೆಯಂತೆಯೇ ಇರಬೇಕು ಎನ್ನುವ 15ನೇ ಸೆಕ್ಷನ್, ಮಾರುವವರು ವ್ಯಾಪಾರಿಯೋ ಅಲ್ಲವೋ ಎಂದು ಕೇಳುವುದಿಲ್ಲ. ಗೊತ್ತಿದ್ದೂ ಸುಳ್ಳು ಹೇಳಿದ್ದರೆ ಮೋಸದಿಂದ ಮಾಡಿಸಿಕೊಂಡ ಕರಾರಿನ ಬಗ್ಗೆ ಹೇಳುವ 1872ರ ಕರಾರು ಕಾಯ್ದೆಯ 17 ಮತ್ತು 19ನೇ ಸೆಕ್ಷನ್‌ಗಳೂ ಬರುತ್ತವೆ.

ಅವರಿಗೆ ಗೊತ್ತಿತ್ತೇ? ಇಡೀ ಪ್ರಕರಣ ನಿಂತದ್ದು ಇದರ ಮೇಲೆ. ಆರ್‌ಸಿ ಆಗಲೇ ನನ್ನ ಹೆಸರಿಗೆ ಬಂದಿದ್ದರಿಂದ ಸರ್ವಿಸ್ ಸೆಂಟರಿನವರು ಹಿಂದಿನ ಸರ್ವಿಸ್‌ಗಳ ಪಟ್ಟಿಯನ್ನು ಮುದ್ರಿಸಿಕೊಟ್ಟರು. 78,400 ಇದ್ದಾಗ ಕಾರು ತಂದವರು ಇದೇ ಮಾಲೀಕರು. ಇನ್ನೊಂದು ಕಾಗದ ಮೊದಲಿನಿಂದಲೂ ನನ್ನ ಕೈಯಲ್ಲೇ ಇತ್ತು: ಹಳೆಯ ವಿಮಾ ಪಾಲಿಸಿ. ಆರು ವರ್ಷದ ಕಾರಿಗೆ ನೋ ಕ್ಲೇಮ್ ಬೋನಸ್, ಅಂದರೆ ವಿಮೆಯಿಂದ ಪರಿಹಾರ ಕೇಳದಿದ್ದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ, ಸೊನ್ನೆ! ಕ್ಲೇಮ್ ಇಲ್ಲದ ಐದು ವರ್ಷಕ್ಕೆ ಅದು ಶೇ. 50 ಇರಬೇಕಿತ್ತು. ಪಾಲಿಸಿ ಮಧ್ಯೆ ಬಿಟ್ಟುಹೋದರೂ ಸೊನ್ನೆಯಾಗುತ್ತದೆ, ಹಾಗಾಗಿ ಅದು ಅಪಘಾತಕ್ಕೆ ಸಾಕ್ಷಿಯಲ್ಲ. ಆದರೂ ಕೊಳ್ಳುವ ಮುನ್ನ ಅದರ ಬಗ್ಗೆ ಕೇಳಲೇಬೇಕಿತ್ತು.

ಆಮೇಲೆ ನಾನು ಕಾರು ಮಾರಿದವರಿಗೆ ಫೋನ್ ಮಾಡಲಿಲ್ಲ. ವಾಟ್ಸ್‌ಆ್ಯಪ್‌ನಲ್ಲೇ ಕೇಳಿದೆ: "ನಿಮ್ಮ ಬಳಿ ಇದ್ದಾಗ ಮೀಟರ್ ಬದಲಾಯಿಸಿದ್ದಿರೇ?" "ನೋಡಿಯೇ ತೆಗೆದುಕೊಂಡಿದ್ದೀರಿ, ಇದ್ದ ಸ್ಥಿತಿಯಲ್ಲೇ ಎಂದು ಸಹಿ ಹಾಕಿದ್ದೀರಿ" ಎಂದು ಉತ್ತರ ಬಂತು. ಆ ಸಹಿ ನೆನಪಾಗಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ವಕೀಲರು ಧೈರ್ಯ ತುಂಬಿದರು. ಪರೀಕ್ಷಿಸಿದ್ದರೆ ತಿಳಿಯುತ್ತಿತ್ತು ಎಂಬ ವಾದಕ್ಕೆ 19ನೇ ಸೆಕ್ಷನ್ನಿನಲ್ಲಿ ಜಾಗವಿದೆ, ಆದರೆ ಅದು ತಿಳಿಯದೆ ಕೊಟ್ಟ ತಪ್ಪು ಮಾಹಿತಿಗೆ ಮತ್ತು ಮೌನಕ್ಕೆ. ಗೊತ್ತಿದ್ದೇ ಹೇಳಿದ ಸುಳ್ಳಿಗೆ ಆ ರಕ್ಷಣೆಯಿಲ್ಲ. ಸಹಿಯೂ ಅಂಥ ಸುಳ್ಳನ್ನು ಮುಚ್ಚುವುದಿಲ್ಲ.

ಚಾಟ್ ಅಳಿಸದೆ ಫೋನನ್ನು ಹಾಗೆಯೇ ಇಟ್ಟುಕೊಂಡೆ. ವಿದ್ಯುನ್ಮಾನ ದಾಖಲೆಯನ್ನು ಕೋರ್ಟಿಗೆ ಕೊಡಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು, ಸ್ಕ್ರೀನ್‌ಶಾಟ್ ಮಾತ್ರ ಸಾಲದು. ನಷ್ಟ ಎಷ್ಟೆಂದು ಹೇಳಲು ವಿಮಾ ಸರ್ವೆಯರ್ ಒಬ್ಬರಿಂದ ಲಿಖಿತ ಮೌಲ್ಯಮಾಪನ ಮಾಡಿಸಿದೆ: ನಿಜವಾದ ಓಟಕ್ಕೆ ಕಾರಿನ ಬೆಲೆ 3,25,000. ಕಾರು ಹಿಂದಿರುಗಿಸಿ ಪೂರ್ತಿ ಹಣ ಕೇಳುವ ದಾರಿಯೂ ಇತ್ತು. ಹಾಗೆ ಮಾಡುವುದಾದರೆ ಕಾರು ಓಡಿಸುವುದನ್ನು ನಿಲ್ಲಿಸಿ ತಕ್ಷಣ ತಿಳಿಸಬೇಕು. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ನನಗೆ ಕಾರು ಬೇಕಿತ್ತು, ಹಾಗಾಗಿ 1,10,000 ರೂಪಾಯಿಯ ವ್ಯತ್ಯಾಸ ಕೇಳಿ ನೋಟಿಸ್ ಕಳುಹಿಸಿದೆವು. ಸತ್ಯ ತಿಳಿದ ದಿನದಿಂದ ಮೂರು ವರ್ಷದ ಕಾಲಮಿತಿ ಇದ್ದುದರಿಂದ ಅವಸರ ಇರಲಿಲ್ಲ.

ನೋಟಿಸಿಗೆ ಉತ್ತರ ಬರಲಿಲ್ಲ. ದಾವೆ ಹೂಡುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ ಹಾಕಿದೆ. ಅದಕ್ಕೆ ನ್ಯಾಯಾಲಯ ಶುಲ್ಕವಿಲ್ಲ. ಅಲ್ಲಿಂದ ಪತ್ರ ಹೋದ ಮೇಲೆ ಅವರು ಮಗನೊಂದಿಗೆ ಬಂದರು. ಸರ್ವಿಸ್ ಪಟ್ಟಿಯನ್ನು ಮೇಜಿನ ಮೇಲಿಟ್ಟಾಗ ಓದಿದವನು ಮಗ. ಅಪ್ಪನ ಮುಖ ನೋಡದೆ, "ಎಷ್ಟು ಕೊಡಬೇಕು ಸರ್?" ಎಂದು ನನ್ನನ್ನೇ ಕೇಳಿದ. ಎರಡನೆಯ ಭೇಟಿಯಲ್ಲಿ 85,000 ರೂಪಾಯಿಗೆ ಒಪ್ಪಂದವಾಯಿತು. ಅದನ್ನು ಆದೇಶವಾಗಿ ದಾಖಲಿಸುವುದು ಪ್ರಾಧಿಕಾರ ನಡೆಸುವ ಲೋಕ ಅದಾಲತ್. ಅದರ ಆದೇಶಕ್ಕೆ ಕೋರ್ಟಿನ ಡಿಕ್ರಿಯ (ತೀರ್ಪಿನ) ಬಲವಿದೆ, ಮೇಲ್ಮನವಿ ಇಲ್ಲ. ಆದರೂ ಕಂತಿನ ಮಾತು ಬಂದಾಗ ನಾನು ಒಪ್ಪಲಿಲ್ಲ. ಡಿಡಿ ಕೈಗೆ ಬಂದ ಮೇಲೆಯೇ ಸಹಿ ಹಾಕಿದೆ. ಕ್ಲಚ್ಚಿನ ಖರ್ಚು ನನ್ನ ಪಾಲಿಗೇ ಉಳಿಯಿತು.