ಬದನೆ, ಜಾಲಿ, ಹುಳ: ಭಾಷೆ ಕಟ್ಟುವಾಗ ನಾನು ಕಲಿತದ್ದು

ನಾನು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿರುವ ಕೃತಕ ಭಾಷೆಯ ಮೊದಲ ರೂಪದಲ್ಲಿ ಬದನೆಗೆ ‘ತೊಲನಾ’, ಟೊಮೇಟೊಗೆ ‘ತೊಲನೇ’, ಆಲೂಗಡ್ಡೆಗೆ ‘ತೊಲನೋ’ ಎಂಬ ಹೆಸರುಗಳಿದ್ದವು. ‘ತೊ’ ಎಂದರೆ ಸಸ್ಯ, ‘ಲ’ ಎಂದರೆ ಬದನೆಯ ಕುಟುಂಬ, ‘ನ್’ ಎಂದರೆ ಸೊಲಾನಮ್ ಜಾತಿ. ಕೊನೆಯ ಸ್ವರ ಪ್ರಭೇದವನ್ನು ಸೂಚಿಸುತ್ತಿತ್ತು. ಮೂರೂ ಒಂದೇ ಜಾತಿಗೆ ಸೇರಿದವು ಎಂಬುದನ್ನು ಹೆಸರೇ ಸಾರುತ್ತದೆ ಎಂದು ನಾನು ಹೆಮ್ಮೆಪಟ್ಟಿದ್ದೆ.

ಆ ಹೆಮ್ಮೆ ಇಳಿದದ್ದು ಅಡುಗೆಮನೆಯಲ್ಲಿ. ತರಕಾರಿಯ ಪಟ್ಟಿಯೊಂದನ್ನು ನನ್ನ ಭಾಷೆಯಲ್ಲಿ ಓದಿ, ತಂಗಿಯಿಂದ ಕನ್ನಡದಲ್ಲಿ ಬರೆಸಿದಾಗ ಅವಳು ಬದನೆಯ ಜಾಗದಲ್ಲಿ ಆಲೂಗಡ್ಡೆಯನ್ನು ಬರೆದಳು. “ಅಣ್ಣಾ, ನಿನ್ನ ಭಾಷೆ ನಂಬಿಕೊಂಡು ಸಂತೆಗೆ ಹೋದರೆ ಬದನೆ ಬಜ್ಜಿ ತಿನ್ನೋ ಯೋಗ ಇಲ್ಲ” ಎಂದಳು. ಕನ್ನಡದಲ್ಲಿ ಹುಲಿ, ಹುಳಿ ಎಂಬ ಮಾತುಗಳು ಎಷ್ಟು ಹತ್ತಿರವಿದ್ದರೂ ತೊಂದರೆಯಾಗುವುದಿಲ್ಲ, ಏಕೆಂದರೆ ಅನ್ನಕ್ಕೆ ಹುಲಿಯನ್ನು ಯಾರೂ ಬಡಿಸುವುದಿಲ್ಲ. ವರ್ಗೀಕರಣದಿಂದ ಹುಟ್ಟಿದ ಹೆಸರುಗಳಲ್ಲಿ ಹೀಗಲ್ಲ. ಒಂದೇ ಬುಟ್ಟಿಯಲ್ಲಿ, ಒಂದೇ ವಾಕ್ಯದಲ್ಲಿ ಬರುವ ವಸ್ತುಗಳೇ ಒಂದೇ ರೀತಿ ಕೇಳಿಸುವುದರಿಂದ ಕಿವಿ ತಪ್ಪಿದ್ದನ್ನು ಸಂದರ್ಭವೂ ತಿದ್ದಲಾರದು.

ಇದು ನನ್ನೊಬ್ಬನ ಎಡವಟ್ಟಲ್ಲ ಎಂಬುದು ಆಮೇಲೆ ತಿಳಿಯಿತು. 1668ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸ್ ಇಡೀ ಲೋಕವನ್ನು 40 ವರ್ಗಗಳಾಗಿ ಹಂಚಿ, ಹೆಸರಿನ ಒಂದೊಂದು ಭಾಗಕ್ಕೂ ವರ್ಗೀಕರಣದ ಒಂದೊಂದು ಮೆಟ್ಟಿಲನ್ನು ಹೊಂದಿಸಿದ ಭಾಷೆಯೊಂದನ್ನು ಪ್ರಕಟಿಸಿದರು; ಅದರಲ್ಲಿ ಟ್ಯುಲಿಪ್ ಹೂವು ‘ಗಪೆ’, ಬಾರ್ಲಿ ‘ಗದೆ’, ಮತ್ತು ಸ್ವತಃ ವಿಲ್ಕಿನ್ಸರೇ ತಮ್ಮ ಗ್ರಂಥದಲ್ಲಿ ಒಂದರ ಬದಲು ಇನ್ನೊಂದನ್ನು ಬರೆದುಬಿಟ್ಟಿದ್ದಾರೆ. ಅವರಿಗೆ ಸಸ್ಯಗಳ ಕೋಷ್ಟಕವನ್ನು ಮಾಡಿಕೊಟ್ಟ ಜಾನ್ ರೇ, ನಿಸರ್ಗದ ಕ್ರಮವನ್ನು ಬಿಟ್ಟು ವಿಲ್ಕಿನ್ಸರ ಚೌಕಟ್ಟಿನ ಕ್ರಮಕ್ಕೆ ಗಿಡಗಳನ್ನು ತುರುಕಬೇಕಾಯಿತೆಂದು ಪತ್ರದಲ್ಲಿ ಕೊರಗಿದ್ದಾರೆ. ತಿಮಿಂಗಿಲವನ್ನು ಆ ಭಾಷೆ ಮೀನುಗಳ ಜೊತೆಗೆ ಕೂರಿಸಿತ್ತು. ನಮ್ಮ ‘ತಿಮಿಂಗಿಲ’ ಎಂಬ ಮಾತಾದರೋ ‘ತಿಮಿಯನ್ನು, ಅಂದರೆ ದೊಡ್ಡ ಮೀನನ್ನು, ನುಂಗುವುದು’ ಎಂದಷ್ಟೇ ಹೇಳುತ್ತದೆ. ಅದು ಮೀನೋ ಸಸ್ತನಿಯೋ ಎಂಬ ಗೊಡವೆಗೇ ಹೋಗುವುದಿಲ್ಲವಾದ್ದರಿಂದ, ಶಾಸ್ತ್ರ ಬದಲಾದರೂ ಅದಕ್ಕೆ ಧಕ್ಕೆಯಾಗಲಿಲ್ಲ.

ಶಾಸ್ತ್ರ ಬದಲಾಗುವುದೆಂದರೆ ಏನೆಂಬುದನ್ನು ನನಗೆ ಕಲಿಸಿದ್ದು ಕರಿಜಾಲಿ. ಹಳೆಯ ಪುಸ್ತಕವೊಂದನ್ನು ನಂಬಿ ಅದನ್ನು ನಾನು ಅಕೇಶಿಯಾ ಜಾತಿಯಲ್ಲಿಟ್ಟು ಹೆಸರು ಕೊಟ್ಟಿದ್ದೆ. ಆದರೆ 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನ ಅಕೇಶಿಯಾ ಎಂಬ ಹೆಸರನ್ನು ಆಸ್ಟ್ರೇಲಿಯಾದ ಗುಂಪಿಗೆ ಉಳಿಸಿಕೊಟ್ಟಿದ್ದರಿಂದ, ನಮ್ಮ ಕರಿಜಾಲಿ ವಶೆಲಿಯಾ ಆಗಿ ಬೇರೆ ಜಾತಿಗೆ ಹೋಗಿತ್ತು. ಮರ ನಿಂತಲ್ಲೇ ನಿಂತಿತ್ತು; ನನ್ನ ನಿಘಂಟಿನಲ್ಲಿ ಮಾತ್ರ ಮಾತಿನ ನಡುವಿನ ಅಕ್ಷರವನ್ನೇ ಬದಲಿಸಬೇಕಾಗಿತ್ತು. ಬಳ್ಳಾರಿ ಜಾಲಿಯಂತೂ ಅಮೆರಿಕದಿಂದ ಬಂದ ಬೇರೆಯೇ ಜಾತಿಯ ಗಿಡ. ಜನ ಅದರ ಮುಳ್ಳನ್ನೂ ಕಾಯನ್ನೂ ನೋಡಿ ಜಾಲಿ ಎಂದರು, ಮತ್ತು ಬೇಲಿ ಕಟ್ಟುವವನಿಗೆ ಅಷ್ಟು ಸಾಕು.

ಆದ್ದರಿಂದ ಎರಡನೆಯ ರೂಪದಲ್ಲಿ ದಿನಬಳಕೆಯ ಮಾತುಗಳಿಂದ ವರ್ಗೀಕರಣವನ್ನು ಪೂರ್ತಿಯಾಗಿ ಕಿತ್ತೆ. ಬದನೆ ‘ಮುಕಾ’ ಆಯಿತು, ಟೊಮೇಟೊ ‘ರಸೆನ್’, ಆಲೂಗಡ್ಡೆ ‘ಗೊದಿ’. ಕಾಯಿ, ಹಣ್ಣು ಎಂಬ ಭೇದವನ್ನು ಕನ್ನಡದಿಂದ ತಂದು, ಒಂದೇ ಹೆಸರಿಗೆ ಮಾಗುವ ಮೊದಲು ಒಂದು ಪ್ರತ್ಯಯ, ಮಾಗಿದ ಮೇಲೆ ಇನ್ನೊಂದು ಎಂದು ಮಾಡಿದೆ. ಮರ, ಗಿಡ, ಬಳ್ಳಿ, ಹುಲ್ಲು ಎಂಬ ನಾಲ್ಕು ಮಾತುಗಳು ಕೇವಲ ಬೆಳೆಯುವ ಬಗೆಯನ್ನು ಹೇಳುತ್ತವೆ. ಬಿದಿರು ಎಲ್ಲಿಗೆ ಎಂದು ಕೆಲಕಾಲ ತಲೆಕೆಡಿಸಿಕೊಂಡೆ: ಶಾಸ್ತ್ರಕ್ಕೆ ಅದು ಹುಲ್ಲು; ನಮ್ಮ 1927ರ ಅರಣ್ಯ ಕಾಯ್ದೆಗೆ 2017ರ ತಿದ್ದುಪಡಿಯವರೆಗೂ ಮರ! ಕೊನೆಗೆ ಮೆಳೆಗೆಂದೇ ಐದನೆಯ ಮಾತನ್ನು ಮಾಡಿದೆ.

‘ಹುಳ’ಕ್ಕೆ ಒಂದೇ ಮಾತು. ಅದು ಜಿರಳೆಗೂ ಎರೆಹುಳಕ್ಕೂ ಸಲ್ಲುತ್ತದೆ, ಹಳ್ಳಿಯಲ್ಲಿ ಹಾವು ಕಚ್ಚಿದ್ದನ್ನು ‘ಹುಳ ಮುಟ್ಟಿತು’ ಎನ್ನುವಂತೆ ಹೆದರಿಕೆಯ ಹೊತ್ತಿನಲ್ಲಿ ಹಾವಿಗೂ ಸಲ್ಲುತ್ತದೆ. ಖಚಿತತೆ ಬೇಕಾದಾಗಿನ ಉಪಾಯವನ್ನು ಲೋಜ್ಬಾನ್ ಎಂಬ ಇನ್ನೊಂದು ಕೃತಕ ಭಾಷೆಯಿಂದ ಪಡೆದೆ. ಅಲ್ಲಿ ನಾಯಿಯನ್ನು ಸೂಚಿಸುವ ‘ಗೆರ್ಕು’ ಎಂಬ ಮಾತಿನ ಎರಡನೆಯ ಸ್ಥಾನ ತಳಿಯನ್ನೋ ಪ್ರಭೇದವನ್ನೋ ಹೇಳಲು ಮೀಸಲಾಗಿರುತ್ತದೆ, ಬೇಡವಾದರೆ ತುಂಬಬೇಕಾಗಿಲ್ಲ. ನಾನು ‘ಸು’ ಎಂಬ ಅವ್ಯಯವನ್ನಿಟ್ಟು, ಅದರ ಮುಂದೆ ಲ್ಯಾಟಿನ್ ಹೆಸರನ್ನು ನನ್ನ ಭಾಷೆಯ ಧ್ವನಿಗಳಲ್ಲಿ ಬರೆಯುತ್ತೇನೆ. ಶಾಸ್ತ್ರಜ್ಞರು ನಾಳೆ ಹೆಸರು ಬದಲಿಸಿದರೆ ‘ಸು’ವಿನ ಮುಂದಿನದು ಬದಲಾಗುತ್ತದೆ, ಹಿಂದಿನದು ಹಾಗೆಯೇ ಉಳಿಯುತ್ತದೆ.

ಅಣಬೆ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಶಾಸ್ತ್ರದ ಪ್ರಕಾರ ಅದು ಸಸ್ಯವೇ ಅಲ್ಲ. ಕಣ್ಣಿಗೂ ಅದು ಮರವಲ್ಲ, ಗಿಡವಲ್ಲ, ಬಳ್ಳಿಯಲ್ಲ. ಸದ್ಯಕ್ಕೆ ‘ಪಂಬೊ’ ಎಂದು ಹೆಸರಿಟ್ಟು, ಬೆಳೆಯುವ ಬಗೆಯ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ.