ಡಬಲ್ ಚೋಲಿಗೆ ಪಟೋರದ ಹೆಸರು ಬಿದ್ದ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಅಡಿಕೆ ಖರೀದಿ ಅಂಗಡಿಗೆ ಸಿ ಭಾಷೆಯಲ್ಲಿ ಬಿಲ್ಲಿನ ಪ್ರೋಗ್ರಾಮ್ ಬರೆದುಕೊಟ್ಟಾಗ ಅಡಿಕೆಯ ದರ್ಜೆಗಳನ್ನು ನಾನು, ಹೆಸರುಗಳಿಗೆ 0ಯಿಂದ ಸಾಲಾಗಿ ಸಂಖ್ಯೆ ಕೊಡುವ ಪಟ್ಟಿಯಾದ ಒಂದು ಈನಮ್‌ನಲ್ಲಿ ಇಟ್ಟಿದ್ದೆ: ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ. ಮೊದಲ ಬಿಲ್ಲಿನಲ್ಲಿ ದರ್ಜೆಯ ಜಾಗದಲ್ಲಿ ಬರೇ ‘2’ ಎಂದು ಬಂತು. ಆದರೆ ದೋಷ ಹುಡುಕುವ ಸಾಧನವಾದ ಜಿಡಿಬಿಯಲ್ಲಿ ನೋಡಿದರೆ ಅದೇ ಜಾಗದಲ್ಲಿ ಪಟೋರ ಎಂಬ ಹೆಸರೇ ಕಾಣುತ್ತಿತ್ತು. ಹಾಗಾಗಿ ಹೆಸರು ಪ್ರೋಗ್ರಾಮಿನೊಳಗೆ ಎಲ್ಲೋ ಇದೆ, ಅದನ್ನು ಕೇಳುವ ಕ್ರಮವಷ್ಟೇ ನನಗೆ ತಿಳಿದಿಲ್ಲ ಎಂದುಕೊಂಡು ಅರ್ಧ ದಿನ ಹುಡುಕಿದೆ. ಸಿ ಕಂಪೈಲರ್ ಹೆಸರನ್ನು ಪೂರ್ಣಾಂಕವಾಗಿಸಿ ಮುಂದೆ ಹೋಗುತ್ತದೆ. ಜಿಡಿಬಿಗೆ ಹೆಸರು ಸಿಗುವುದು ಕಂಪೈಲ್ ಮಾಡುವಾಗ ‘-ಜಿ’ ಆಯ್ಕೆ ಕೊಟ್ಟಾಗ ಸೇರುವ ಡೀಬಗ್ ಮಾಹಿತಿಯಿಂದ.

ಆದ್ದರಿಂದ ಆರು ಹೆಸರುಗಳ ಒಂದು ಅರೇ (ಸಾಲುಪಟ್ಟಿ) ಬರೆದು, ಈನಮ್‌ನ ಸ್ಥಿರಾಂಕವನ್ನೇ ಅದರ ಸೂಚಿಯಾಗಿ ಬಳಸಿದೆ. ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು. ಬಳಿಕ ಡಬಲ್ ಚೋಲನ್ನು, ಅಂದರೆ ವರ್ಷಗಟ್ಟಲೆ ಇಟ್ಟ ಹಳೆಯ ಅಡಿಕೆಯನ್ನು, ಬೇರೆಯೇ ದರ್ಜೆಯಾಗಿ ತೋರಿಸಬೇಕೆಂದು ಅಂಗಡಿಯವರು ಹೇಳಿದಾಗ, ಹಳತರ ಬೆನ್ನಿಗೆ ಅದನ್ನು ಈನಮ್‌ಗೆ ಸೇರಿಸಿದೆ, ಅರೇಗೆ ಸೇರಿಸಲು ಮರೆತೆ. ಮರುದಿನ ಡಬಲ್ ಚೋಲು ತಂದ ಕೃಷಿಕರೊಬ್ಬರು ಬಿಲ್ಲು ಹಿಡಿದು, “ದರ ಸರಿ ಉಂಟು, ಆದರೆ ನನ್ನ ಅಡಿಕೆ ಯಾವಾಗ ಪಟೋರ ಆದದ್ದು?” ಎಂದು ಕೇಳಿದರು. ವರ್ಷಗಟ್ಟಲೆ ಜೋಪಾನ ಮಾಡಿದ ಮಾಲಿಗೆ ಕೆಳದರ್ಜೆಯ ಪಟೋರ ಎಂದು ಬರೆದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಪಟೋರ ಉಳ್ಳಿಗಡ್ಡೆಯಾಗಿತ್ತು, ಕೋಕದ ಸೂಚಿ 6 ಆಗಿ ಅರೇಯ ಹೊರಗೇ ಬಿದ್ದು, ಬಿಲ್ಲಿನಲ್ಲಿ ಏನೇನೋ ಚಿಹ್ನೆಗಳು ಮೂಡಿದ್ದವು.

ಈನಮ್ ಮತ್ತು ಅರೇಗಳ ಎಣಿಕೆಯನ್ನು ತಾಳೆ ನೋಡುವುದರಿಂದ ಈ ತಪ್ಪು ಸಿಗುತ್ತಿತ್ತು ನಿಜ, ಆದರೆ ಎಣಿಕೆ ಸರಿಯಿದ್ದೂ ಕ್ರಮ ತಪ್ಪಿದರೆ ಅದು ಸಿಗುವುದಿಲ್ಲ. ಆದ್ದರಿಂದ ಎಕ್ಸ್-ಮ್ಯಾಕ್ರೋ ವಿಧಾನಕ್ಕೆ ಬಂದೆ: ದರ್ಜೆಗಳ ಪಟ್ಟಿ ಒಂದೇ ಕಡೆ ಇರುತ್ತದೆ, ಅದನ್ನು ಒಮ್ಮೆ ವಿಸ್ತರಿಸಿದರೆ ಈನಮ್, ಇನ್ನೊಮ್ಮೆ ವಿಸ್ತರಿಸಿದರೆ ಹೆಸರು ಹುಡುಕುವ ಸ್ವಿಚ್ ಹುಟ್ಟುತ್ತದೆ. ನೋಡಲು ಚೆಂದವಿಲ್ಲ, ಆದರೆ ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯಲು ಅವಕಾಶವೇ ಇಲ್ಲ. ನಮ್ಮೂರಿನ ಬಿಲ್ಲಿಗೆ ಕನ್ನಡದ ಜೊತೆ ಮಲಯಾಳವೂ ಬೇಕಾದ್ದರಿಂದ ಪಟ್ಟಿಯ ಪ್ರತಿ ಸಾಲಿನಲ್ಲಿ ಸ್ಥಿರಾಂಕ, ಸಂಖ್ಯೆ, ಎರಡು ಭಾಷೆಗಳ ಹೆಸರು ಎಂದು ನಾಲ್ಕು ಅಂಶಗಳನ್ನು ಇಟ್ಟೆ. ಪೈಥಾನ್‌ನಲ್ಲಿ 3.4ನೇ ಆವೃತ್ತಿಯಿಂದ ಈನಮ್ ಇರುವುದರಿಂದ ಸಂಖ್ಯೆ ಕೊಟ್ಟರೆ ಸದಸ್ಯ, ಸದಸ್ಯನಿಂದ ಹೆಸರು ನೇರವಾಗಿ ಸಿಗುತ್ತದೆ. ಎರಡು ದರ್ಜೆಗಳಿಗೆ ಒಂದೇ ಸಂಖ್ಯೆ ಬಿದ್ದರೆ ಮಾತ್ರ ಎರಡನೆಯದು ಸದ್ದಿಲ್ಲದೆ ಮೊದಲನೆಯದರ ಅಡ್ಡಹೆಸರಾಗುತ್ತದೆ, ಅದನ್ನು ತಡೆಯಲು ‘ಯುನೀಕ್’ ಡೆಕೊರೇಟರ್ ಹಾಕಬೇಕು.

ನನ್ನ ಬೆವರಿಳಿಸಿದ್ದು ಫೈಲಿನಲ್ಲಿ ಉಳಿದ ದಾಖಲೆಗಳು, ಏಕೆಂದರೆ ಅಲ್ಲಿದ್ದದ್ದು ಸಂಖ್ಯೆ ಮಾತ್ರ. ಹಳೆಯ ದಾಖಲೆಗಳನ್ನು ಮುಟ್ಟಬಾರದೆಂದು ಮೊದಲಿನ ಆರು ದರ್ಜೆಗಳಿಗೆ 0ಯಿಂದ 5ರ ವರೆಗಿನ ಸಂಖ್ಯೆಗಳನ್ನೇ ಗಟ್ಟಿ ಮಾಡಿ, ಡಬಲ್ ಚೋಲಿಗೆ 6 ಕೊಟ್ಟೆ. ತಪ್ಪು ನಡೆದ ದಿನದ ದಾಖಲೆಗಳಲ್ಲಿ 2 ಇದ್ದಲ್ಲಿ 6, 3 ಇದ್ದಲ್ಲಿ 2, ಹೀಗೆ 6 ಇದ್ದಲ್ಲಿ 5 ಆಗಬೇಕಿತ್ತು. ಒಂದೊಂದೇ ಸಂಖ್ಯೆಯನ್ನು ಸಾಲಾಗಿ ಬದಲಿಸುತ್ತಾ ಹೋಗಿದ್ದರೆ, ಆಗಷ್ಟೇ 6 ಆದ ಡಬಲ್ ಚೋಲು ಕೊನೆಯ ಸುತ್ತಿನಲ್ಲಿ 5 ಆಗಿ ಕೋಕದ ರಾಶಿಗೆ ಸೇರುತ್ತಿತ್ತು. ಅದಕ್ಕಾಗಿ ಪ್ರತಿ ದಾಖಲೆಯನ್ನು ಒಂದೇ ಸಲ ಓದಿ, ಹಳೆಯ ಸಂಖ್ಯೆಗೆ ಹೊಸದನ್ನು ಕೋಷ್ಟಕದಿಂದ ತೆಗೆದು ಬೇರೆ ಫೈಲಿಗೆ ಬರೆದೆ.